ಒಂದೇ ಕಪಾಟಿನ ಎರಡು ಟ್ಯೂಬುಗಳು



ಕೆಲವು ತಿಂಗಳ ಹಿಂದೆ ನನ್ನ ಚಿಕ್ಕಮ್ಮನ ಮಗಳು ಮನೆಗೆ ಬಂದಳು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದಳು. ನಮ್ಮ ಜೂರಾಲದ ಬಿಸಿಲು ನಿಮಗೆ ಗೊತ್ತಲ್ಲ, ಹೊರಗೆ ಹೋಗುವ ಹುಡುಗಿಯರೆಲ್ಲ ಹಾಗೇ ಸುತ್ತಿಕೊಳ್ಳುತ್ತಾರೆ, ಅದಕ್ಕೆ ಯಾರೂ ಏನೂ ಕೇಳಲಿಲ್ಲ. ಒಳಗೆ ಬಂದು ನೀರು ಕುಡಿದ ಮೇಲೂ ಅವಳು ದುಪಟ್ಟಾ ಬಿಚ್ಚಲಿಲ್ಲ. ಆಗ ಅಮ್ಮನಿಗೆ ಅನುಮಾನ ಬಂತು.

ಬಿಚ್ಚಿದಾಗ ನೋಡಿದೆವು. ಎರಡೂ ಕೆನ್ನೆ ಕೆಂಪಾಗಿದ್ದವು. ಚರ್ಮ ಎಷ್ಟು ತೆಳ್ಳಗಾಗಿತ್ತೆಂದರೆ ಒಳಗಿನ ಸಣ್ಣ ರಕ್ತನಾಳಗಳು ಎಳೆಎಳೆಯಾಗಿ ಕಾಣುತ್ತಿದ್ದವು. ಬಾಯಿಯ ಸುತ್ತ ಮೊಡವೆ, ದವಡೆಯ ಮೇಲೆ ಮೊದಲಿಲ್ಲದ ಕೂದಲು. ತಣ್ಣೀರು ತಾಗಿದರೂ ಉರಿ ಎಂದು ಅತ್ತಳು. ಮದುವೆಗೆ ಎರಡು ತಿಂಗಳಿತ್ತು.

"ಏನ್ ಹಚ್ಕೊಂಡಿದ್ದೀ ಮಗಾ?" ಎಂದು ಅಮ್ಮ ಕೇಳಿದ್ದಕ್ಕೆ ಚೀಲದಿಂದ ಎರಡು ಟ್ಯೂಬು ತೆಗೆದಿಟ್ಟಳು. "ಮೊದಲು ಇದು ಹಚ್ಚಿದೆ ಅಕ್ಕಾ. ಏನೂ ಆಗಲಿಲ್ಲ. ಆಮ್ಯಾಲ ಅಂಗಡ್ಯಾಗ ಇದು ಕೊಟ್ರು, ಹದಿನೈದು ದಿನದಾಗ ಬೆಳ್ಳಗಾಗ್ತಿ ಅಂದ್ರು. ಆದೆ ಕೂಡ."

ಆ ಎರಡು ಟ್ಯೂಬುಗಳ ಬಗ್ಗೆಯೇ ಈ ಲೇಖನ. ನಾನು ಡಿ ಫಾರ್ಮಾ ಓದಿದವಳು, ಎರಡು ವರ್ಷ ಮೆಡಿಕಲ್ ಅಂಗಡಿಯಲ್ಲಿ ಕೆಲಸವನ್ನೂ ಮಾಡಿದ್ದೇನೆ. ಆ ಎರಡನೇ ಬಗೆಯ ಟ್ಯೂಬನ್ನು ಚೀಟಿ ಇಲ್ಲದೆ ಕೇಳಿದವರಿಗೆ ನಾನೂ ಕೊಟ್ಟಿದ್ದೇನೆ. ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಮೊದಲನೆಯದು ಮುಖಕ್ಕೆ ಹಚ್ಚುವ ಸಾಮಾನ್ಯ ಕ್ರೀಮು. ನಮ್ಮ ಕಡೆ ಯಾವ ಕಂಪನಿಯದಾದರೂ ಅದನ್ನು "ಫೇರ್ ಅಂಡ್ ಲವ್ಲಿ" ಎಂದೇ ಕರೆಯುತ್ತೇವೆ. 1975ರಲ್ಲಿ ಬಂದ ಆ ಕ್ರೀಮಿನ ಹೆಸರು 2020ರ ಜುಲೈನಲ್ಲಿ "ಗ್ಲೋ ಅಂಡ್ ಲವ್ಲಿ" ಆಯಿತು. ಅಮೆರಿಕದಲ್ಲಿ ಕಪ್ಪು ಜನರ ಹೋರಾಟ ಎದ್ದಿದ್ದ ವರ್ಷ ಅದು. ಡಬ್ಬಿಯ ಹೆಸರು ಬದಲಾಯಿತು, ಹೆಣ್ಣು ನೋಡಲು ಬರುವವರ ಪ್ರಶ್ನೆ ಬದಲಾಗಲಿಲ್ಲ.

ಈ ಜಾತಿಯ ಕ್ರೀಮಿನ ಹಿಂಭಾಗವನ್ನು ಓದಿ. ಶೇಕಡಾ ಒಂದಕ್ಕಿಂತ ಹೆಚ್ಚು ಇರುವ ವಸ್ತುಗಳನ್ನು ಯಾವುದು ಹೆಚ್ಚೋ ಅದನ್ನು ಮೊದಲು ಎಂಬ ಕ್ರಮದಲ್ಲಿ ಬರೆಯಬೇಕೆಂಬುದು ನಮ್ಮ ದೇಶದ ನಿಯಮ. ಸಾಮಾನ್ಯವಾಗಿ ಮೊದಲು ಬರುವುದು ನೀರು. ಆಮೇಲೆ ಸ್ಟಿಯರಿಕ್ ಆಸಿಡ್‌ನಂಥ ಕೊಬ್ಬಿನ ಆಮ್ಲ, ಕ್ರೀಮಿಗೆ ಮುತ್ತಿನಂಥ ಬಿಳಿ ಹೊಳಪು ಬರುವುದು ಅದರಿಂದ. ಗ್ಲಿಸರಿನ್ ಗಾಳಿಯಿಂದಲೂ ಚರ್ಮದ ಒಳಪದರದಿಂದಲೂ ನೀರನ್ನು ಎಳೆದು ಮೇಲ್ಪದರದಲ್ಲಿ ಹಿಡಿದಿಡುತ್ತದೆ. ಚಳಿಗಾಲದಲ್ಲಿ ನಮ್ಮ ಅಜ್ಜಿಯರು ಬರೀ ಗ್ಲಿಸರಿನ್ನನ್ನೇ ನೀರಿಗೆ ಬೆರೆಸಿ ಹಚ್ಚುತ್ತಿದ್ದರು. ಟೈಟಾನಿಯಂ ಡೈಆಕ್ಸೈಡ್ ಒಂದು ಬಿಳಿ ಪುಡಿ. ಗೋಡೆಗೆ ಬಳಿಯುವ ಬಣ್ಣದಲ್ಲೂ ಅದೇ ಇರುತ್ತದೆ. ಅದು ಬಿಸಿಲನ್ನು ಸ್ವಲ್ಪ ತಡೆಯುತ್ತದೆ, ಮುಖದ ಮೇಲೆ ತೆಳ್ಳಗೆ ಬಿಳಿ ಬಳಿಯುತ್ತದೆ. ಹಚ್ಚಿದ ಐದೇ ನಿಮಿಷಕ್ಕೆ ಕನ್ನಡಿಯಲ್ಲಿ ಕಾಣುವ "ಬೆಳಕು" ಬಹುಪಾಲು ಇದೇ. ಸೋಪು ಹಚ್ಚಿ ತೊಳೆದರೆ ಹೋಗುತ್ತದೆ.

ನಿಜವಾಗಿ ಕೆಲಸ ಮಾಡುವ ಅಂಶ ನಿಯಾಸಿನಮೈಡ್, ಅಂದರೆ ಬಿ3 ಜೀವಸತ್ವದ ಒಂದು ರೂಪ. ನಮ್ಮ ಚರ್ಮದ ಕೆಳಪದರದಲ್ಲಿ ಬಣ್ಣ ತಯಾರಿಸುವ ಕೋಶಗಳಿವೆ. ಅವು ಮೆಲನಿನ್ ಎಂಬ ಬಣ್ಣವನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಸುತ್ತಲಿನ ಕೋಶಗಳಿಗೆ ಕಳಿಸುತ್ತವೆ. ನಿಯಾಸಿನಮೈಡ್ ಬಣ್ಣ ತಯಾರಾಗುವುದನ್ನು ನಿಲ್ಲಿಸುವುದಿಲ್ಲ, ಆ ಚೀಲಗಳ ಸಾಗಣೆಯನ್ನು ನಿಧಾನ ಮಾಡುತ್ತದೆ. ವಾರಗಟ್ಟಲೆ ಹಚ್ಚಿದರೆ ಕಲೆಗಳು ಒಂದಿಷ್ಟು ತಿಳಿಯಾಗಬಹುದು. ಬಿಟ್ಟರೆ ಮತ್ತೆ ಮೊದಲಿನಂತೆ. ದೇವರು ಕೊಟ್ಟ ಬಣ್ಣವನ್ನು ಬದಲಿಸುವ ಶಕ್ತಿ ಅದಕ್ಕಿಲ್ಲ.

ಹೀಗಾಗಿ ಮೊದಲನೇ ಟ್ಯೂಬಿನ ಮೇಲೆ ನನ್ನ ದೂರು ಅದು ವಿಷ ಎಂದಲ್ಲ. ಅದು ಮಾಡುವ ಕೆಲಸ ಚಿಕ್ಕದು, ಜಾಹೀರಾತಿನಲ್ಲಿ ಹೇಳಿಕೊಂಡು ಬಂದ ಮಾತು ದೊಡ್ಡದು. ಕಪ್ಪಗಿರುವ ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಸಿಗುವುದಿಲ್ಲ ಎಂದು ಟಿವಿಯಲ್ಲಿ ಎಷ್ಟು ವರ್ಷ ತೋರಿಸಿದರು! ಆ ಮಾತನ್ನು ನಂಬಿದವಳು ಇದರಿಂದ ಏನೂ ಆಗದಿದ್ದಾಗ ಸುಮ್ಮನಾಗುವುದಿಲ್ಲ, ಇನ್ನೂ ಜೋರಾದದ್ದನ್ನು ಹುಡುಕುತ್ತಾಳೆ. ನನ್ನ ತಂಗಿ ಮಾಡಿದ್ದೂ ಅದನ್ನೇ.

ಈಗ ಎರಡನೇ ಟ್ಯೂಬು. ನೋಡಲು ಹೆಚ್ಚುಕಡಿಮೆ ಒಂದೇ ಗಾತ್ರ. ಹೆಸರೂ ಚೆಲುವಿಕೆಗೆ ಸಂಬಂಧಿಸಿದ್ದೇ. ಎಷ್ಟೋ ಅಂಗಡಿಗಳಲ್ಲಿ ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ. ಆದರೆ ಇದು ಸೌಂದರ್ಯವರ್ಧಕವೇ ಅಲ್ಲ, ಔಷಧಿ. ಗುರುತಿಸುವುದು ಸುಲಭ: ಇದರ ಮೇಲೆ "ಕಂಪೋಸಿಷನ್" ಎಂದು ಇರುತ್ತದೆ, ಪ್ರತಿ ಅಂಶದ ಮುಂದೆ "ಐ.ಪಿ." ಎಂಬ ಎರಡು ಅಕ್ಷರ, ಅದರ ಮುಂದೆ ಶೇಕಡಾ ಎಷ್ಟು ಎಂಬ ಲೆಕ್ಕ, ಒಂದು ಮೂಲೆಯಲ್ಲಿ "ಆರ್‌ಎಕ್ಸ್" ಗುರುತು, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ಎಚ್ಚರಿಕೆ. ಅಕ್ಷರ ಇರುವೆಯಷ್ಟು ಚಿಕ್ಕವು, ಅದೂ ಇಂಗ್ಲಿಷಿನಲ್ಲಿ. ತೆಲುಗು ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ಹುಡುಗಿಯರು ಅದನ್ನು ಹೇಗೆ ಓದಬೇಕು?

ಒಳಗಿರುವುದು ಮೂರು: ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1. ಈ ಮೂರರ ಜೋಡಣೆಗೆ ಒಂದು ಇತಿಹಾಸವಿದೆ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ತಮ್ಮ ಸಹೋದ್ಯೋಗಿಯೊಡನೆ ಇಂಥದೇ ಮೂರು ವಸ್ತುಗಳ ಮಿಶ್ರಣವನ್ನು ಪ್ರಕಟಿಸಿದ್ದು 1975ರಲ್ಲಿ. ನಮ್ಮ ಮೊದಲನೇ ಕ್ರೀಮು ಅಂಗಡಿಗೆ ಬಂದ ಅದೇ ವರ್ಷ! ಭಂಗಿನಂಥ ಕಲೆಗಳಿಗೆ, ವೈದ್ಯರ ಕಣ್ಣೆದುರು, ಕೆಲವೇ ವಾರ ಹಚ್ಚಬೇಕಾದ ಮದ್ದು ಇದು. ಹಾಗೆ ಬಳಸಿದರೆ ಒಳ್ಳೆಯ ಮದ್ದೇ. ಎಂಟು ತಿಂಗಳು ಇಡೀ ಮುಖಕ್ಕೆ ಬಳಿಯಲು ಮಾಡಿದ್ದಲ್ಲ.

ಹೈಡ್ರೋಕ್ವಿನೋನ್ ಬಣ್ಣ ತಯಾರಾಗುವ ಜಾಗಕ್ಕೇ ಹೋಗಿ ಕೆಲಸ ನಿಲ್ಲಿಸುತ್ತದೆ. ಬಹಳ ಕಾಲ ಹಚ್ಚಿದರೆ ಕೆಲವರಲ್ಲಿ ಉಲ್ಟಾ ಆಗಿ ಚರ್ಮ ನೀಲಿ ಮಿಶ್ರಿತ ಕಪ್ಪಾಗುತ್ತದೆ, ಆ ಕಪ್ಪು ಸುಲಭವಾಗಿ ಹೋಗುವುದಿಲ್ಲ. ಯುರೋಪಿನಲ್ಲಿ ಚರ್ಮ ಬಿಳಿ ಮಾಡುವ ಸೌಂದರ್ಯವರ್ಧಕಗಳಲ್ಲಿ ಇದನ್ನು ಹಾಕುವಂತೆಯೇ ಇಲ್ಲ. ಟ್ರೆಟಿನಾಯಿನ್ ಮೇಲ್ಪದರದ ಕೋಶಗಳನ್ನು ಬೇಗ ಬೇಗ ಉದುರಿಸಿ ಹೊಸದನ್ನು ತರುತ್ತದೆ. ಹೊಸ ಚರ್ಮ ಎಳೆಯದು, ಬಿಸಿಲು ತಡೆಯದು. ಅದಕ್ಕೇ ಇದನ್ನು ರಾತ್ರಿ ಹಚ್ಚಿ ಹಗಲು ಬಿಸಿಲಿನಿಂದ ಕಾಪಾಡಿಕೊಳ್ಳಬೇಕು ಎನ್ನುತ್ತಾರೆ. ಬಸುರಿಯರು ಹಚ್ಚಬಾರದು. ಮದುವೆಗೆ ಮುಂಚೆ ಶುರು ಮಾಡಿ ಮದುವೆ ಆದ ಮೇಲೂ ಹಚ್ಚುತ್ತಲೇ ಇರುವವರು ಈ ಒಂದು ಸಾಲನ್ನಾದರೂ ನೆನಪಿಡಿ.

ಮೂರನೆಯದು ಮೊಮೆಟಾಸೋನ್, ಸ್ಟೀರಾಯ್ಡ್. ಮೊದಲ ಹದಿನೈದು ದಿನದ ಜಾದೂ ಮಾಡುವುದರಲ್ಲಿ ಇದರ ಪಾಲು ದೊಡ್ಡದು. ಅದು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಉರಿ, ಕೆರೆತ, ಮೊಡವೆಯ ಕೆಂಪು ಎಲ್ಲವೂ ಅಡಗುತ್ತದೆ. ಎಲ್ಲರೂ "ಎಷ್ಟು ಚಂದ ಆಗಿದೀ" ಎನ್ನುತ್ತಾರೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಚರ್ಮ ತೆಳ್ಳಗಾಗುತ್ತದೆ, ಕುಗ್ಗಿದ್ದ ರಕ್ತನಾಳಗಳು ಹಿಗ್ಗಿ ನಿಲ್ಲುತ್ತವೆ, ಮೊಡವೆ ಮತ್ತು ಕೂದಲು ಬರುತ್ತವೆ. ಹೆದರಿ ಒಮ್ಮೆಗೇ ನಿಲ್ಲಿಸಿದರೆ ಮುಖ ಕೆಂಡವಾಗುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಕುಡಿತದ ಚಟಕ್ಕೂ ಇದಕ್ಕೂ ಏನು ಫರಕು ಹೇಳಿ. ನಮ್ಮ ದೇಶದ ಚರ್ಮವೈದ್ಯರ ಸಂಘ ಈ ದುರ್ಬಳಕೆಯ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ಕಟ್ಟಿದೆ. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡುಗಳ ಪೈಕಿ ಇನ್ನೂ 14ನ್ನು ಚೀಟಿ ಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿತು. ಕಾನೂನು ಇದೆ. ಅಂಗಡಿಯ ಗಲ್ಲಾದ ಹಿಂದೆ ನಿಂತವಳಾಗಿ ಹೇಳುತ್ತೇನೆ, ಗಿರಾಕಿ ಖಾಲಿ ಟ್ಯೂಬು ತೋರಿಸಿ "ಇದಾ ಕೊಡ್ರಿ" ಎಂದಾಗ ಆ ಕಾನೂನು ನೆನಪಾಗುವುದಿಲ್ಲ.

ನಮ್ಮ ಕಡೆ ಇದು ಇನ್ನೂ ಅಪಾಯ ಏಕೆಂದರೆ ನಮ್ಮ ಹುಡುಗಿಯರು ನೆರಳಿನಲ್ಲಿ ಕೂರುವವರಲ್ಲ. ಗದ್ವಾಲದ ಸುತ್ತ ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಎಂದರೆ ಏನೆಂದು ಗೊತ್ತಿರುವವರಿಗೆ ಗೊತ್ತು: ಸಂಜೆ ಮೊಗ್ಗಿನ ಗಂಡು ಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವು ತಂದು ತಾಗಿಸಬೇಕು, ಒಂದೊಂದು ಹೂವಿಗೂ. ವಾರಗಟ್ಟಲೆ ಮುಖ ಬಿಸಿಲಿಗೇ. ರಾತ್ರಿ ಟ್ರೆಟಿನಾಯಿನ್ ಹಚ್ಚಿ ಎಳೆ ಚರ್ಮ ಮಾಡಿಕೊಂಡು ಹಗಲು ಆ ಹೊಲಕ್ಕೆ ಇಳಿಯುವುದು ಅಂದರೆ, ಕಾಲಿನ ಚರ್ಮ ಸುಲಿದುಕೊಂಡು ಮುಳ್ಳಿನ ಮೇಲೆ ನಡೆದ ಹಾಗೆ. ಆ ಹೊಲದಲ್ಲಿ ಅವಳನ್ನು ಕಾಯುವುದು ಅವಳ ಮೆಲನಿನ್. ಅದನ್ನೇ ತೆಗೆಯಲು ಅವಳು ದುಡ್ಡು ಕೊಡುತ್ತಿದ್ದಾಳೆ, ಅದೂ ಅದೇ ಹೊಲದ ಕೂಲಿಯ ದುಡ್ಡು.

ಇವೆರಡಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಏನೂ ಬರೆಯದ, ತಯಾರಿಸಿದವರ ವಿಳಾಸವೂ ಇಲ್ಲದ ಡಬ್ಬಿ ಕ್ರೀಮು. ಅಂಥ ಕೆಲವುಗಳಲ್ಲಿ ಪಾದರಸ ಸಿಕ್ಕಿದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರವರೆಗೆ ಕಂಡ ಒಂದು ಅಪರೂಪದ ಮೂತ್ರಪಿಂಡ ಕಾಯಿಲೆಯ 15 ರೋಗಿಗಳಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಆ ರಾಜ್ಯ 2023ರಲ್ಲಿ "ಆಪರೇಷನ್ ಸೌಂದರ್ಯ" ಎಂದು ಅಂಗಡಿಗಳ ತಪಾಸಣೆ ನಡೆಸಿತು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಹೋಗುತ್ತದೆ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಟ್ಯೂಬಿನ ದುಡ್ಡಿನಲ್ಲಿ ಒಂದು ಸಾದಾ ಸನ್‌ಸ್ಕ್ರೀನ್ ಕೊಳ್ಳಿ. ಎಸ್‌ಪಿಎಫ್ 30 ಸಾಕು, ಆದರೆ ಹೊಲಕ್ಕೆ ಹೋಗುವ ಮುಂಚೆ ಧಾರಾಳವಾಗಿ ಹಚ್ಚಬೇಕು, ಬೆವರಿದ ಮೇಲೆ ಮತ್ತೆ ಹಚ್ಚಬೇಕು. ಅದೂ ಬೇಡವೆಂದರೆ ದುಪಟ್ಟಾ ಮತ್ತು ಅಗಲ ಅಂಚಿನ ಟೋಪಿ. ಈಗಾಗಲೇ ಎರಡನೇ ಬಗೆಯದನ್ನು ತಿಂಗಳುಗಟ್ಟಲೆ ಹಚ್ಚಿದ್ದರೆ ಇದನ್ನು ಓದಿ ಇವತ್ತೇ ಬಿಸಾಕಬೇಡಿ. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡು ಚರ್ಮವೈದ್ಯರ ಹತ್ತಿರ ಹೋಗಿ. ನಮಗೆ ರಾಯಚೂರಿನ ರಿಮ್ಸ್ ದೂರವೇನಲ್ಲ. ಹಂತ ಹಂತವಾಗಿ ಬಿಡಿಸುತ್ತಾರೆ. ನಾಚಿಕೆಪಟ್ಟು ಮುಚ್ಚಿಟ್ಟರೆ ಅವರಿಗೆ ಬೇರೆ ರೋಗದ ಹಾಗೆ ಕಂಡೀತು.

ದೊಡ್ಡವರಿಗೂ ಒಂದು ಮಾತು. ಸಂಬಂಧ ನೋಡುವಾಗ "ಹುಡುಗಿ ಬಣ್ಣ ಹ್ಯಾಂಗದ?" ಎಂದು ಮೊದಲು ಕೇಳುವವರು ನಾವೇ. ಭಾನುವಾರ ಪೂಜೆಯಲ್ಲಿ ಒಂದೇ ಸಾಲಿನಲ್ಲಿ ಕೂತು, ಹೊರಗೆ ಬಂದು ಬೇವಿನ ಮರದಡಿ ಅದನ್ನೇ ಕೇಳುತ್ತೇವೆ. ನನ್ನ ತಂಗಿಯ ಮನೆಗೆ ಬಂದವರು ಕೆಟ್ಟವರೇನಲ್ಲ, ವರದಕ್ಷಿಣೆಯನ್ನೂ ಕೇಳಲಿಲ್ಲ. "ಸ್ವಲ್ಪ ಬಣ್ಣ ಕಡಿಮಿ, ನಡೀತದ" ಅಂದರಂತೆ, ಅಷ್ಟೇ. ಆ "ನಡೀತದ" ಎಂಬ ಒಂದು ಮಾತು ಅವಳನ್ನು ಎಂಟು ತಿಂಗಳು ಕನ್ನಡಿಯ ಮುಂದೆ ಕೂರಿಸಿತು.

ಮದುವೆ ದಿನ ಅವಳ ಕೆನ್ನೆ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ. ಮೇಕಪ್ ಹಾಕಲು ಬಂದವಳಿಗೆ ವೈದ್ಯರ ಚೀಟಿ ತೋರಿಸಿ ಬೇಡ ಎಂದೆವು. ಪಟದಲ್ಲಿ ಅವಳ ಮುಖ ಕೆಂಪಾಗಿಯೇ ಬಂದಿದೆ. ಅವಳ ಗಂಡ ಆ ಪಟವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾನೆ.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಯುವಜನರ ಸಭೆಗೆ ಬರುವಾಗ ನಿಮ್ಮ ಮನೆಯ ಕನ್ನಡಿಯ ಹತ್ತಿರ ಇರುವ ಟ್ಯೂಬು, ಡಬ್ಬಿ ಏನಿದ್ದರೂ ತನ್ನಿ. ಹುಡುಗರೂ ತರಬೇಕು, ನೀವು ಹಚ್ಚುವುದು ನಮಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಕೂತು ಒಂದೊಂದನ್ನೇ ಕನ್ನಡದಲ್ಲಿ ಓದೋಣ. ಭೂತಗನ್ನಡಿ ನಾನು ತರುತ್ತೇನೆ.