ಬೈಪಾಸ್‌ನಾಗ ರೇಸ್ ಬ್ಯಾಡ, ಹುಡುಗರಿಗೆ ಒಂದು ಟ್ರ್ಯಾಕ್ ಕೊಡ್ರಿ

ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡದವರು ನಮ್ಮ ಧಾರವಾಡ ಜಿಲ್ಲೆಯಲ್ಲಿ ಕಡಿಮೆ. ಒಂದು ನಿಮಿಷದಲ್ಲಿ ಎತ್ತುಗಳು ಎಷ್ಟು ಫೂಟು ಓಡಿದವು ಅಂತ ಟೇಪ್ ಹಿಡಿದು ಅಳೆಯುತ್ತೇವೆ. ಒಂದೆರಡು ಫೂಟಿನಲ್ಲಿ ಬಹುಮಾನ ತಪ್ಪಿದರೆ ವರ್ಷವಿಡೀ ಕಟ್ಟೆಯ ಮೇಲೆ ಅದೇ ಮಾತು. ಅಂದಮೇಲೆ ರೇಸ್ ಎನ್ನುವುದು ನಮಗೆ ಹೊಸದಲ್ಲ. ಕಾರ್ ರೇಸ್ ಮಾತ್ರ ನಮ್ಮದಲ್ಲ ಅಂದುಕೊಂಡಿದ್ದೇವೆ.

ನಮ್ಮ ಹುಡುಗರು ಹಾಗೆ ಅಂದುಕೊಂಡಿಲ್ಲ. ಅವರ ಮೊಬೈಲ್‌ನಲ್ಲಿ ಫಾರ್ಮುಲಾ ಕಾರುಗಳ ರೀಲ್ಸ್ ಓಡುತ್ತಿವೆ. ನೋಡಿದ್ದನ್ನು ಮಾಡಿ ತೋರಿಸಲು ಅವರಿಗೆ ಸಿಗುವ ಜಾಗ ಒಂದೇ: ರಸ್ತೆ.

ಒಬ್ಬರೇ ಕೂರುವ, ತಲೆಯ ಮೇಲೆ ಟಾಪ್ ಇಲ್ಲದ, ಚಕ್ರಗಳು ಹೊರಗೆ ಕಾಣುವ ರೇಸ್ ಕಾರಿಗೆ ಸಿಂಗಲ್ ಸೀಟರ್ ಅನ್ನುತ್ತಾರೆ. ಅದನ್ನು ಓಡಿಸಲು ಹತ್ತುವ ಮೆಟ್ಟಿಲುಗಳಿವೆ. ಆರೇಳು ವರ್ಷದಿಂದಲೇ ಗೋ-ಕಾರ್ಟ್. 15 ತುಂಬಿದ ಮೇಲೆ ಫಾರ್ಮುಲಾ 4. ಆಮೇಲೆ 3, 2, ಕೊನೆಗೆ ಫಾರ್ಮುಲಾ 1. ಭಾರತದಲ್ಲೂ ಈಗ ಎಫ್-4 ಚಾಂಪಿಯನ್‌ಶಿಪ್ ಇದೆ. 2023ರಲ್ಲಿ ಗೆದ್ದವರು ಆಸ್ಟ್ರೇಲಿಯಾದ ಕೂಪರ್ ವೆಬ್‌ಸ್ಟರ್, 2024ರಲ್ಲಿ ದಕ್ಷಿಣ ಆಫ್ರಿಕಾದ ಅಕಿಲ್ ಅಲಿಭಾಯ್. ನಮ್ಮ ಬೆಂಗಳೂರಿನ ರುಹಾನ್ ಆಳ್ವ ಮುಂದಿನ ಸಾಲಿನಲ್ಲೇ ಇದ್ದವರು. ಆದರೆ ಮೊದಲ ಎರಡು ವರ್ಷ ಕಪ್ಪು ಹೊರದೇಶಕ್ಕೇ ಹೋಯಿತು.

ಹಾಗಂತ ಕನ್ನಡನಾಡಿನವರಿಗೆ ಕೈಲಾಗದು ಅನ್ನಬೇಡಿ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಅಣ್ಣ ಅರ್ಜುನ್ ಮೈನಿ ಕೂಡ ಎಫ್-2ರಲ್ಲಿ ಓಡಿಸಿದವರು. ಆದರೆ ಅವರ ಅಪ್ಪನೂ ರೇಸರ್, ಮನೆತನವೂ ಉದ್ಯಮಿಗಳದು. ಯುರೋಪಿನಲ್ಲಿ ಒಂದು ಸೀಸನ್ ಓಡಿಸಲು ಕೋಟಿಗಳ ಲೆಕ್ಕ ಬೇಕು. ಅಲ್ಲಿ ಕೈಚಳಕದ ಜೊತೆಗೆ ಕಿಸೆಯೂ ಓಡುತ್ತದೆ. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಕನಸು ಮಾರುವುದು ಮೋಸ. ಮಗನನ್ನು ರೇಸರ್ ಮಾಡುತ್ತೇನೆ ಅಂತ ಯಾರೂ ಹೊಲ ಮಾರಬೇಡಿ.

ಹಾಗಾದರೆ ಬಡವರ ಮಕ್ಕಳಿಗೆ ದಾರಿಯೇ ಇಲ್ಲವೇ? ಪಕ್ಕದ ತಮಿಳುನಾಡು ನೋಡಿ. ಕೊಯಮತ್ತೂರಿನ ಎಸ್. ಕರಿವರ್ಧನ್ ಎಂಬವರು ಮಾರುತಿ ಕಾರಿನ ಇಂಜಿನ್ ಹಾಕಿ ಕಡಿಮೆ ಖರ್ಚಿನಲ್ಲಿ ಫಾರ್ಮುಲಾ ಮಾರುತಿ ಎಂಬ ರೇಸ್ ಕಾರು ಕಟ್ಟಿದರು. ಅಂಥ ಕಾರಿನಲ್ಲಿ ಶ್ರೀಪೆರಂಬದೂರಿನ ಟ್ರ್ಯಾಕ್ ಮೇಲೆ ರೇಸ್ ಶುರುಮಾಡಿದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ 1ಕ್ಕೆ ಹೋದ ಮೊದಲ ಭಾರತೀಯನಾದರು. ಅವರ ಮನೆತನಕ್ಕೂ ಅನುಕೂಲವಿತ್ತು, ನಿಜ. ಆದರೆ ತಮ್ಮ ರಾಜ್ಯದಲ್ಲೇ ಟ್ರ್ಯಾಕ್, ಊರಲ್ಲೇ ಕಟ್ಟಿದ ಅಗ್ಗದ ಕಾರು ಇರದಿದ್ದರೆ ಶುರುವಾತೇ ಆಗುತ್ತಿರಲಿಲ್ಲ. ಇವತ್ತು ಕೊಯಮತ್ತೂರಿನಲ್ಲಿ ಕರಿವರ್ಧನ್ ಹೆಸರಿನ ಟ್ರ್ಯಾಕ್ ಇದೆ. ಎಫ್-4 ರೇಸ್‌ಗಳೂ ಬಹುತೇಕ ತಮಿಳುನಾಡಿನಲ್ಲೇ ನಡೆದಿವೆ.

ಕಾರು ಕಟ್ಟುವ ಕೈ ನಮ್ಮಲ್ಲಿಲ್ಲವೇ? ಧಾರವಾಡದಲ್ಲಿ ಟಾಟಾ ಕಾರ್ಖಾನೆಯಿಂದ ಬಸ್ಸು, ಗಾಡಿ ಹೊರಬೀಳುತ್ತವೆ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ, ತಾರಿಹಾಳದಲ್ಲಿ ಲೇತು, ವೆಲ್ಡಿಂಗ್ ಮಾಡುವ ಎಷ್ಟು ಮಂದಿ! ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಹುಡುಗರಿಗಂತೂ ಬರವಿಲ್ಲ. ಗೋ-ಕಾರ್ಟ್ ಅಂದರೆ ಕಬ್ಬಿಣದ ಪೈಪಿನ ಚೌಕಟ್ಟು, ಸಣ್ಣ ಇಂಜಿನ್, ನಾಲ್ಕು ಗಾಲಿ. ಅದಕ್ಕೆ ಸಸ್ಪೆನ್ಷನ್ ಕೂಡ ಇರುವುದಿಲ್ಲ. ಇದನ್ನು ನಮ್ಮವರು ಕಟ್ಟಲಾರರೇ?

ಇನ್ನೊಂದು ಮಾತು. ಕಾರು ಓಡಿಸುವವನು ಒಬ್ಬ. ಅವನ ಹಿಂದೆ ಗಾಲಿ ಬದಲಿಸುವವರು, ಇಂಜಿನ್ ನೋಡುವವರು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು, ಟ್ರ್ಯಾಕ್ ಬದಿಗೆ ಬಾವುಟ ಹಿಡಿಯುವ ಮಾರ್ಷಲ್‌ಗಳು ಇರುತ್ತಾರೆ. ಡ್ರೈವರ್ ಆಗಲು ಕೋಟಿ ಬೇಕು, ಮೆಕ್ಯಾನಿಕ್ ಆಗಲು ಬೇಕಾದದ್ದು ಕೆಲಸ. ಹಳ್ಳಿ ಹುಡುಗರಿಗೆ ತೆರೆಯಬಹುದಾದ ಬಾಗಿಲು ಇದು.

"ಕುಡಿಯೋ ನೀರಿಗೆ ಗತಿ ಇಲ್ಲ, ರೇಸ್ ಟ್ರ್ಯಾಕ್ ಯಾಕ್ರೀ?" ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 2024ರಲ್ಲಿ ಚೆನ್ನೈ ನಗರದ ರಸ್ತೆಯಲ್ಲಿ ರಾತ್ರಿ ರೇಸ್ ನಡೆಯಿತು. ಅದಕ್ಕೆ ಜನರ ದುಡ್ಡು ಯಾಕೆ ಎಂಬ ತಕರಾರು ಮದ್ರಾಸ್ ಹೈಕೋರ್ಟಿನವರೆಗೂ ಹೋಗಿತ್ತು. ನಮಗೆ ಅಂಥ ಜಾತ್ರೆ ಬೇಡ. ನಾನು ಕೇಳುವುದು ಇಷ್ಟೇ: ಕೈಗಾರಿಕಾ ಪ್ರದೇಶದಲ್ಲಿ ಖಾಲಿ ಬಿದ್ದ ಜಾಗದಲ್ಲಿ ಒಂದು ಕಿಲೋಮೀಟರ್ ಒಳಗಿನ ಕಾರ್ಟ್ ಟ್ರ್ಯಾಕ್. ಜಾಗ ಸರ್ಕಾರ ಲೀಸಿಗೆ ಕೊಡಲಿ, ಖರ್ಚು ಕಂಪನಿಗಳು ಹಾಕಲಿ. ಶ್ರೀಮಂತರ ಮಕ್ಕಳು ಫೀ ಕೊಟ್ಟು ಓಡಿಸಲಿ, ವಾರದಲ್ಲಿ ಎರಡು ದಿನ ಸರ್ಕಾರಿ ಶಾಲೆ, ಐಟಿಐ ಮಕ್ಕಳಿಗೆ ಮೀಸಲಿಡಲಿ. ಹೆಲ್ಮೆಟ್, ಬೆಲ್ಟು, ಕಲಿಸುವ ಮೇಸ್ಟ್ರು, ಆಂಬುಲೆನ್ಸ್ ಇಲ್ಲದೆ ಒಂದು ಸುತ್ತೂ ಬೇಡ.

ಇಲ್ಲದಿದ್ದರೆ ಏನಾಗುತ್ತದೆ? ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಂಥದ್ದು ಅಂತ ಹೇಳಬೇಕಿಲ್ಲ. 2021ರ ಜನವರಿ 15ರಂದು ಇಟ್ಟಿಗಟ್ಟಿ ಬಳಿ ಟಿಪ್ಪರ್‌ಗೆ ಟೆಂಪೊ ಟ್ರಾವೆಲರ್ ಡಿಕ್ಕಿಯಾಗಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹೆಣ್ಣುಮಕ್ಕಳು ಸೇರಿ ಹತ್ತಕ್ಕೂ ಹೆಚ್ಚು ಮಂದಿ ಜೀವ ಬಿಟ್ಟರು. ಅವರೇನೂ ರೇಸ್ ಮಾಡುತ್ತಿರಲಿಲ್ಲ. ಸುಮ್ಮನೆ ಹೋಗುವವರಿಗೇ ಜೀವಕ್ಕೆ ಗ್ಯಾರಂಟಿ ಇಲ್ಲದ ರಸ್ತೆಯಲ್ಲಿ ನಮ್ಮ ಹುಡುಗರು ವೀಲಿ ಮಾಡಿದರೆ?

ಕಾನೂನು ಗಟ್ಟಿಯಾಗಿಯೇ ಇದೆ. 18 ತುಂಬದ ಮಗನ ಕೈಗೆ ಗಾಡಿ ಕೊಟ್ಟು ಅವನು ತಪ್ಪು ಮಾಡಿದರೆ, 2019ರ ತಿದ್ದುಪಡಿ ಪ್ರಕಾರ ಹೆತ್ತವರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಆದರೆ ದಂಡದ ಚೀಟಿಯೊಂದೇ ಹುಡುಗರ ಹುರುಪನ್ನು ತಡೆಯದು. ಕೆರೆಗೆ ಕೋಡಿ ಇಲ್ಲದಿದ್ದರೆ ನೀರು ಒಡ್ಡು ಒಡೆದುಕೊಂಡೇ ಹೋಗುತ್ತದೆ.

ನಿಮ್ಮ ಗ್ರಾಮಸಭೆಯಲ್ಲಿ, ಶಾಸಕರು ಊರಿಗೆ ಬಂದಾಗ, ಈ ಮಾತು ಒಮ್ಮೆ ಎತ್ತಿ ನೋಡಿ. ನಕ್ಕರೆ ನಗಲಿ. ಅಲ್ಲಿಯವರೆಗೆ ರಾತ್ರಿ ಬೈಕಿನ ಕೀಲಿ ಅಪ್ಪನ ದಿಂಬಿನ ಕೆಳಗಿರಲಿ.