ಬಿರುದು ಯಾರ ಸ್ವತ್ತು?

ತಂದೆಯ ಗದ್ದೆ ಮಗನಿಗೆ ಬರುವುದಕ್ಕೂ ತಂದೆಯ ಬಿರುದು ಮಗನಿಗೆ ಬರುವುದಕ್ಕೂ ಮೇಲುನೋಟಕ್ಕೆ ಹೆಚ್ಚಿನ ಅಂತರ ಕಾಣದಿದ್ದರೂ ಅವೆರಡರ ಸ್ವಭಾವ ತೀರ ಬೇರೆ. ಗದ್ದೆಯನ್ನು ಅಳೆಯಬಹುದು, ಪಾಲು ಮಾಡಬಹುದು, ಮಾರಲೂಬಹುದು. ಉಳುವವನನ್ನು ಊರಿನವರು ಒಪ್ಪದೆ ಹೋದರೂ ಅದರಲ್ಲಿ ಬೆಳೆ ಬರುತ್ತದೆ. ಬಿರುದಾದರೋ ಇತರರ ಬಾಯಲ್ಲಿ ಬದುಕುವಂಥದ್ದು, ಕರೆಯುವವರು ಇಲ್ಲವಾದರೆ ಅದೂ ಇಲ್ಲವಾಗುತ್ತದೆ. ಹೀಗಿದ್ದರೂ ಗೌರವವನ್ನು ಆಸ್ತಿಯಂತೆ ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಪದ್ಧತಿ ಅನೇಕ ಸಮಾಜಗಳಲ್ಲಿ ಬೇರೂರಿದೆ ಮತ್ತು ಅದು ಸಾಮಾನ್ಯವಾಗಿ ರಕ್ತಸಂಬಂಧದ ಹೆಸರಿನಲ್ಲಿಯೇ ತನ್ನನ್ನು ಸಮರ್ಥಿಸಿಕೊಂಡಿದೆ. ಈ ಸಮರ್ಥನೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನೋಡಲು ಇಂಗ್ಲೆಂಡಿನ ಲಾರ್ಡುಗಳ ಪದವಿಯನ್ನೂ, ಕಾರವಾರದ ಬಳಿ ಕಾಳಿ ನದಿಯ ದಡದಲ್ಲಿರುವ ಚಿತ್ತಾಕುಲದಲ್ಲಿ ಕೋಟೆ ಕಟ್ಟಿದ ಸೋದೆ ಅರಸರ ಪಟ್ಟವನ್ನೂ ಒಟ್ಟಿಗೆ ಇಟ್ಟು ನೋಡುವುದು ಉಪಯುಕ್ತ.

ಇಂಗ್ಲೆಂಡಿನಲ್ಲಿ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ದರ್ಜೆಯ ಪದವಿಗಳಿದ್ದು, ಅವನ್ನು ಒಟ್ಟಾಗಿ ಪೀರೇಜ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚಿನವು ರಾಜಮುದ್ರೆಯ ಸನದಿನಿಂದ ಹುಟ್ಟಿದವು. ಪದವಿ ಪಡೆದವನ ನಂತರ ಅದು ಯಾರಿಗೆ ಸಲ್ಲಬೇಕು ಎಂಬುದನ್ನು ಆ ಸನದಿನಲ್ಲಿಯೇ ಬರೆದಿರುತ್ತಾರೆ. ಸಾಮಾನ್ಯವಾಗಿ ಆ ಒಕ್ಕಣೆ ಧರ್ಮಸಮ್ಮತ ವಿವಾಹದಲ್ಲಿ ಹುಟ್ಟಿದ ಗಂಡುಸಂತತಿಗೆ ಮಾತ್ರ ಎಂದಿರುತ್ತದೆ. ಹಿರಿಯ ಮಗನಿಗೆ ಪದವಿ ಸಂದರೆ ಅವನ ತಮ್ಮಂದಿರು ಕಾನೂನಿನ ಕಣ್ಣಿನಲ್ಲಿ ಸಾಮಾನ್ಯ ಪ್ರಜೆಗಳು. ಸನದಿಗಿಂತ ಹಳೆಯದಾದ, ರಾಜನು ಸಭೆಗೆ ಕರೆದ ಓಲೆಯಿಂದ ಹುಟ್ಟಿದ ಕೆಲವು ಬ್ಯಾರನ್ ಪದವಿಗಳು ಹೆಣ್ಣುಮಕ್ಕಳಿಗೂ ಸಲ್ಲುತ್ತವೆಯಾದರೂ, ಅಲ್ಲಿ ಅಕ್ಕತಂಗಿಯರೆಲ್ಲ ಸಮಾನ ಹಕ್ಕುದಾರರಾಗುವುದರಿಂದ, ಒಬ್ಬಳ ಸಂತತಿ ಮಾತ್ರ ಉಳಿಯುವ ತನಕ ಅಥವಾ ರಾಜನು ಒಬ್ಬರನ್ನು ಆರಿಸುವ ತನಕ ಪದವಿ ಯಾರಿಗೂ ಸೇರದೆ ಅಮಾನತಿನಲ್ಲಿರುತ್ತದೆ. ಕೆಲವು ಪದವಿಗಳು ನೂರಾರು ವರ್ಷ ಹೀಗೆ ಧಣಿಯಿಲ್ಲದೆ ಕಾದದ್ದುಂಟು. 2013ರ ಕಾಯಿದೆ ಸಿಂಹಾಸನದ ಮಟ್ಟಿಗೆ ಅಣ್ಣ–ಅಕ್ಕ ಎಂಬ ಭೇದವನ್ನು ತೆಗೆದುಹಾಕಿದರೂ ಲಾರ್ಡುಗಳ ಪದವಿಯನ್ನು ಮುಟ್ಟಲಿಲ್ಲ.

ಈ ವ್ಯವಸ್ಥೆಯಲ್ಲಿ ಪದವಿಯನ್ನು ಹೊತ್ತ ಮನುಷ್ಯನ ಇಷ್ಟಾನಿಷ್ಟಕ್ಕೆ ಬಹುಕಾಲ ಜಾಗವೇ ಇರಲಿಲ್ಲ. ಲೇಬರ್ ಪಕ್ಷದ ಟೋನಿ ಬೆನ್ 1960ರಲ್ಲಿ ತಂದೆ ತೀರಿಕೊಂಡಾಗ ತಾನು ಬೇಡವೆಂದರೂ ವೈಕೌಂಟ್ ಆಗಿ, ಆ ಕಾರಣಕ್ಕಾಗಿಯೇ ಜನರು ಆರಿಸಿದ ಸದನದಲ್ಲಿನ ತನ್ನ ಸ್ಥಾನವನ್ನು ಕಳೆದುಕೊಂಡರು. ಪದವಿಯನ್ನು ತ್ಯಜಿಸಲು ಅವಕಾಶ ಕೊಡುವ ಕಾನೂನು ಬಂದದ್ದು 1963ರಲ್ಲಿ. ಆ ತ್ಯಾಗವೂ ಅವರ ಜೀವಿತಕ್ಕಷ್ಟೇ ಅನ್ವಯಿಸುವಂಥದ್ದಾಗಿತ್ತು. 2014ರಲ್ಲಿ ಅವರು ತೀರಿಕೊಂಡೊಡನೆ ಪದವಿ ಹಿರಿಯ ಮಗನಿಗೆ ಸಂದಿತು. ಹುಟ್ಟಿನಿಂದ ಬಂದದ್ದನ್ನು ಬಿಡುವುದಕ್ಕೂ ಪಾರ್ಲಿಮೆಂಟಿನ ಅಪ್ಪಣೆ ಬೇಕಾಯಿತೆಂದರೆ, ಆ ಬಿರುದು ನಿಜವಾಗಿ ಯಾರ ಕೈಯಲ್ಲಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಇದೇ ಮಾತನ್ನು ಭಾರತೀಯರೊಬ್ಬರ ಪ್ರಸಂಗ ಇನ್ನಷ್ಟು ಹತ್ತಿರದಿಂದ ತೋರಿಸುತ್ತದೆ. ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿನ್ಹಾ 1919ರಲ್ಲಿ ರಾಯಪುರದ ಬ್ಯಾರನ್ ಆಗಿ, ವಂಶಪಾರಂಪರ್ಯ ಲಾರ್ಡ್ ಪದವಿ ಪಡೆದ ಮೊದಲ ಭಾರತೀಯರೆನಿಸಿದರು. 1928ರಲ್ಲಿ ಸಿನ್ಹಾ ತೀರಿಕೊಂಡ ಮೇಲೆ ಹಿರಿಯ ಮಗ ಅರುಣ್ ಕುಮಾರರ ಹಕ್ಕಿಗೆ ಒಂದು ತೊಡಕು ಎದುರಾಯಿತು. ಹಿಂದೂ ವಿವಾಹಪದ್ಧತಿ ಆಗ ಬಹುಪತ್ನೀತ್ವಕ್ಕೆ ಅವಕಾಶ ಕೊಡುತ್ತಿದ್ದುದರಿಂದ, ಅಂಥ ವಿವಾಹದಲ್ಲಿ ಹುಟ್ಟಿದ ಮಗ ಸನದಿನ ಅರ್ಥದಲ್ಲಿ ‘ಧರ್ಮಸಮ್ಮತ ಸಂತಾನ’ವೇ ಎಂಬ ಪ್ರಶ್ನೆ ಎದ್ದಿತು. ಮನೆತನವು ಏಕಪತ್ನೀತ್ವವನ್ನು ಪಾಲಿಸುವ ಬ್ರಹ್ಮಸಮಾಜವನ್ನು ಸೇರಿತ್ತೆಂಬುದನ್ನೂ ಗಮನಿಸಿ ಲಾರ್ಡ್ಸ್ ಸಭೆಯು 1939ರಲ್ಲಿ ಅವರ ಹಕ್ಕನ್ನು ಒಪ್ಪಿತು. ತಂದೆ ಯಾರು, ಮಗ ಯಾರು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ರಕ್ತ ಅದೇ ಇದ್ದರೂ ಮನ್ನಣೆ ಬರಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಇನ್ನು ಚಿತ್ತಾಕುಲದ ಕಡೆಗೆ ತಿರುಗಬಹುದು. ಶಿರಸಿಯ ಬಳಿಯ ಸೋದೆಯನ್ನು ರಾಜಧಾನಿ ಮಾಡಿಕೊಂಡು, ವಿಜಯನಗರದ ಸಾಮಂತರಾಗಿ ತಲೆಯೆತ್ತಿದ ಈ ಮನೆತನ ಘಟ್ಟದ ಮೇಲೂ ಕೆಳಗೂ ಆಳುತ್ತ, ವಾದಿರಾಜರ ಕಾಲದ ಅರಸಪ್ಪ ನಾಯಕನಿಂದ ಮುಂದಕ್ಕೆ ಸುಮಾರು ಎರಡು ಶತಮಾನ ಬಾಳಿತು. ಕಾಳಿ ನದಿ ಸಮುದ್ರವನ್ನು ಸೇರುವಲ್ಲಿ, ಉತ್ತರ ದಡದ ಗುಡ್ಡದ ಮೇಲೆ, ಬಸವಲಿಂಗ ನಾಯಕನು 1715ರ ಸುಮಾರಿಗೆ ಕಟ್ಟಿಸಿದ ಕೋಟೆಗೆ ತನ್ನ ತಂದೆ ಸದಾಶಿವನ ಹೆಸರನ್ನಿಟ್ಟನು. ಚಿತ್ತಾಕುಲಕ್ಕೆ ಸದಾಶಿವಗಡ ಎಂಬ ಎರಡನೆಯ ಹೆಸರು ಬಂದದ್ದು ಹೀಗೆ. ಬಸವಲಿಂಗನ ನಂತರ ಪಟ್ಟವೇರಿದವನು ಇಮ್ಮಡಿ ಸದಾಶಿವ. ಇಂಗ್ಲಿಷರು ಬ್ಯಾರನ್ನನ ಹೆಸರಿನ ಮುಂದೆ ಎರಡನೆಯ, ಮೂರನೆಯ ಎಂದು ಎಣಿಸುವಂತೆ ಇಲ್ಲಿ ‘ಇಮ್ಮಡಿ’ ಎಂಬ ಎಣಿಕೆ ಇತ್ತಾದರೂ, ಇಲ್ಲಿ ಮರಳಿ ಬರುತ್ತಿದ್ದದ್ದು ಹಿಂದಿನ ಅರಸನ ಹೆಸರೇ. ಹೆಸರನ್ನು ಕೋಟೆಗೂ ವಂಶಕ್ಕೂ ಒಟ್ಟಿಗೆ ಕೊಟ್ಟ ಮನೆತನವೊಂದು ನೆಲ ಮತ್ತು ಬಿರುದು ಎಂದೂ ಅಗಲಲಾರವೆಂದು ನಂಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅವೆರಡೂ ಅಗಲಿದವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೈನ್ಯ ಸೋದೆಯ ಮೇಲೂ ಬಿದ್ದಾಗ ಇಮ್ಮಡಿ ಸದಾಶಿವನು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದನು. ಮನೆತನ ಫೋಂಡಾದ ಬಾಂದಿವಡೆಯಲ್ಲಿ ನೆಲೆಸಿತು. ಹಿಂದೆ 1752ರಲ್ಲಿ ಸದಾಶಿವಗಡವನ್ನು ಇದೇ ಸೋದೆಯವರಿಂದ ಕಿತ್ತುಕೊಂಡಿದ್ದ ಪೋರ್ಚುಗೀಸರು ಈಗ ಅದೇ ಅರಸನಿಗೆ ಆಶ್ರಯವನ್ನೂ ವರ್ಷಾಶನವನ್ನೂ ಕೊಟ್ಟರು. ಇದನ್ನು ಬರಿಯ ಔದಾರ್ಯವೆನ್ನಲಾಗದು. ಫೋಂಡಾ, ಕೇಪೆ, ಕಾಣಕೋಣ ಮೊದಲಾದ ಸೋದೆಯ ಸೀಮೆಗಳು ಅದೇ ಗೊಂದಲದಲ್ಲಿ ಅವರ ಕೈಸೇರಿದ್ದವು. ಹೈದರನ ಎದುರು ಆ ನೆಲಕ್ಕೊಂದು ನ್ಯಾಯವಾದ ಆಧಾರ ಬೇಕಿದ್ದರೆ, ಸೋದೆಯ ಅರಸನೆಂಬವನೊಬ್ಬ ಇನ್ನೂ ಇರಬೇಕಾಗಿತ್ತು. 1791ರ ಒಪ್ಪಂದದಲ್ಲಿ ಆ ಸೀಮೆಗಳನ್ನು ಪೋರ್ಚುಗೀಸರಿಗೆ ವಿಧಿವತ್ತಾಗಿ ಬಿಟ್ಟುಕೊಟ್ಟದ್ದು ಸೋದೆಯ ಪಟ್ಟದ ಹೆಸರಿನಲ್ಲಿಯೇ. ರಾಜ್ಯ ಕಳೆದುಕೊಂಡು ಮೂರು ದಶಕಗಳಾಗುತ್ತ ಬಂದಿದ್ದರೂ ಆ ಬಿರುದಿಗೆ ಇನ್ನೂ ರುಜು ಹಾಕುವ ಶಕ್ತಿಯಿತ್ತು, ಏಕೆಂದರೆ ರುಜು ಹಾಕಿಸಿಕೊಳ್ಳುವವರಿಗೆ ಅದು ಬೇಕಿತ್ತು. ಇಂದು ಮಾಜಾಳಿಯ ಆಚೆಗೆ ಗೋವೆ ಆರಂಭವಾಗುವುದರ ಹಿಂದೆ ಆ ಕಾಲದ ಹಂಚಿಕೆಯಿದೆ. ಬಾಂದಿವಡೆಯ ಮನೆತನ ಮಾತ್ರ ‘ಸೌಂದೇಕರ’ ಎಂಬ ಹೆಸರಿನಲ್ಲಿ ಮುಂದುವರಿಯಿತು.

ಮನ್ನಿಸುವವರಿಗೆ ಬಿರುದು ಬೇಡವಾದಾಗ ಏನಾಗುತ್ತದೆ ಎಂಬುದಕ್ಕೆ ಕಿತ್ತೂರು ಸಾಕ್ಷಿ. 1824ರಲ್ಲಿ ಶಿವಲಿಂಗರುದ್ರ ಸರ್ಜ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡಾಗ ಮಾಡಿದ್ದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ; ಚೆನ್ನಮ್ಮನ ಯುದ್ಧ ನಡೆದದ್ದು ಇದೇ ನಿರಾಕರಣೆಯಿಂದ. ಹಿಂದೂ ಧರ್ಮಶಾಸ್ತ್ರದಲ್ಲಿ ದತ್ತುಪುತ್ರ ಔರಸಪುತ್ರನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಇಂಗ್ಲೆಂಡಿನಲ್ಲಿ ಹಾಗಲ್ಲ, 2004ರ ರಾಜಾಜ್ಞೆಯ ನಂತರ ಲಾರ್ಡುಗಳ ದತ್ತುಮಕ್ಕಳು ಗೌರವಸೂಚಕ ಉಪಾಧಿಯನ್ನು ಬಳಸಬಹುದಾದರೂ ಪದವಿ ಅವರಿಗೆ ಬರುವುದಿಲ್ಲ. ಆದರೆ ಕಂಪನಿ ಸರಕಾರ ಕಿತ್ತೂರಿನಲ್ಲಿ ತನ್ನ ದೇಶದ ನಿಯಮಕ್ಕೆ ಕಟ್ಟುಬಿದ್ದು ನಡೆಯಿತೆಂದು ಹೇಳುವಂತಿಲ್ಲ. ಅದೇ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತಕವನ್ನು, ಬಹಳ ಹಗ್ಗಜಗ್ಗಾಟದ ನಂತರ, 1867ರಲ್ಲಿ ಒಪ್ಪಿದರು. 1881ರಲ್ಲಿ ಮೈಸೂರು ಆ ದತ್ತುಪುತ್ರ ಚಾಮರಾಜೇಂದ್ರರ ಕೈಗೆ ಮರಳಿತು. ನಡುವೆ ಬದಲಾದದ್ದು ಶಾಸ್ತ್ರವಲ್ಲ, 1857ರ ದಂಗೆಯನ್ನು ಕಂಡ ಸರಕಾರದ ಲೆಕ್ಕಾಚಾರ. ಕರಾವಳಿಯ ದಕ್ಷಿಣಕ್ಕೆ, ಅಳಿಯಸಂತಾನದ ತುಳುನಾಡಿನಲ್ಲಿ, ಚೌಟರ ಪಟ್ಟ ಮಗನನ್ನು ಬಿಟ್ಟು ಸೋದರಳಿಯನಿಗೆ ಸಲ್ಲುತ್ತಿತ್ತು ಎಂಬುದನ್ನು ನೆನೆದರೆ, ರಕ್ತವೇ ವಾರಸುದಾರನನ್ನು ಗೊತ್ತುಮಾಡುತ್ತದೆ ಎಂಬ ವಾದ ಇನ್ನಷ್ಟು ಸಡಿಲವಾಗುತ್ತದೆ: ಯಾವ ರಕ್ತ ಎಂಬುದನ್ನು ಮೊದಲು ಸಮಾಜ ಹೇಳಬೇಕು.

ಅರಸರ ಮಟ್ಟದಿಂದ ಕೆಳಗಿಳಿದರೆ ಕಾರವಾರ–ಅಂಕೋಲೆಯ ಮನೆಮನೆಯಲ್ಲೂ ಇಂಥ ಬಿರುದುಗಳ ಪಳೆಯುಳಿಕೆ ಸಿಗುತ್ತದೆ. ನಾಡಿನ ಲೆಕ್ಕ ಬರೆಯುತ್ತಿದ್ದವನು ನಾಡಕರ್ಣಿ, ಊರಿನ ಲೆಕ್ಕದವನು ಶಾನಭಾಗ, ಪರಗಣೆಯ ಮುಖ್ಯಸ್ಥನು ದೇಸಾಯಿ, ಗ್ರಾಮದ ಹಿರಿಯನು ಗಾಂವಕರ. ಇವು ಒಂದು ಕಾಲದ ಹುದ್ದೆಗಳು, ಇಂದಿನ ಅಡ್ಡಹೆಸರುಗಳು. ಮುಂಬಯಿ ಪ್ರಾಂತ್ಯದ ಸರಕಾರ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯ ಮೂಲಕ ಇಂಥ ವತನುಗಳಿಗೆ, ಅಂದರೆ ಸೇವೆಗೆ ಪ್ರತಿಯಾಗಿ ಪಡೆದ ಭೂಮಿ ಮತ್ತು ಹಕ್ಕುಗಳಿಗೆ, ಒಂದು ದಾಖಲೆಯನ್ನೇ ಕಟ್ಟಿತು. ಕರ್ನಾಟಕದ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ಹುದ್ದೆ ಹೋಯಿತು, ಹೆಸರು ಉಳಿಯಿತು. ದೇಸಾಯಿಯ ಮಕ್ಕಳೆಲ್ಲರೂ ದೇಸಾಯಿಗಳೇ. ಹಿರಿಯ ಮಗನೊಬ್ಬನೇ ಅಲ್ಲ. ಹೀಗೆ ಎಲ್ಲರಿಗೂ ಹಂಚಿಹೋದ ಬಿರುದು ಯಾರನ್ನೂ ಮೇಲಕ್ಕೇರಿಸುವುದಿಲ್ಲ, ಮತ್ತು ಆ ಕಾರಣಕ್ಕೇ ಯಾರಿಗೂ ಕೇಡು ಮಾಡುವುದಿಲ್ಲ.

ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ವ್ಯವಸ್ಥೆ ಇದಕ್ಕಿಂತ ಬೇರೆ. ಅವರ ಕೊಪ್ಪಗಳಲ್ಲಿ ಯಜಮಾನಿಕೆಗೆ ಗೌಡ, ಅವನಿಗೆ ಸಲಹೆ ಕೊಡಲು ಬುಧವಂತ, ಸುದ್ದಿ ಮುಟ್ಟಿಸಲು ಕೋಲಕಾರ ಎಂಬ ಸ್ಥಾನಗಳಿದ್ದು, ಅವು ಮನೆತನಗಳಲ್ಲಿ ಮುಂದುವರಿದಿವೆ. ಈ ಬಿರುದುಗಳೊಂದಿಗೆ ಒಂದು ಕೆಲಸ ಅಂಟಿಕೊಂಡಿದೆ: ಜಗಳ ಬಗೆಹರಿಸಬೇಕು, ಮದುವೆಗೆ ಮುಂದಾಗಿ ನಿಲ್ಲಬೇಕು, ಹಬ್ಬಕ್ಕೆ ಜನರನ್ನು ಕೂಡಿಸಬೇಕು. ಕೆಲಸ ಮಾಡದ ಗೌಡನ ಮಾತನ್ನು ಕೊಪ್ಪ ಕೇಳುವುದಿಲ್ಲ. ವಂಶಪಾರಂಪರ್ಯ ಪದವಿಯನ್ನು ಸಮರ್ಥಿಸುವವರು, ಅದು ಹೊಣೆಗಾರಿಕೆಯ ತರಬೇತಿಯನ್ನೂ ಜೊತೆಗೆ ಕೊಡುತ್ತದೆ ಎಂದು ವಾದಿಸುವುದುಂಟು. ಆ ವಾದಕ್ಕೆ ಸ್ವಲ್ಪವಾದರೂ ಬೆಲೆ ಇರುವುದು ಮನ್ನಿಸುವ ಕೈ ಹೀಗೆ ದಿನವೂ ಕಣ್ಣೆದುರಿನಲ್ಲಿರುವ ಕಡೆ. ಲಾರ್ಡ್ಸ್ ಸಭೆಯಲ್ಲಿ ಆ ಪರೀಕ್ಷೆಗೆ ದಾರಿಯೇ ಇರಲಿಲ್ಲ; 1999ರ ಕಾಯಿದೆ ತೊಂಬತ್ತೆರಡು ಮಂದಿಯನ್ನು ಬಿಟ್ಟು ಉಳಿದ ವಂಶಪಾರಂಪರ್ಯ ಲಾರ್ಡುಗಳನ್ನು ಸಭೆಯಿಂದ ಹೊರಗಿಟ್ಟಾಗ ಅವರಿಗೆ ಬಿರುದು ಮಾತ್ರ ಉಳಿಯಿತು.

ಭಾರತದ ಸಂವಿಧಾನ 18ನೆಯ ವಿಧಿಯಲ್ಲಿ ಪ್ರಭುತ್ವವು ಬಿರುದು ಕೊಡುವುದನ್ನು ನಿಷೇಧಿಸಿತು. ಸೈನಿಕ ಮತ್ತು ವಿದ್ಯಾಸಂಬಂಧಿ ಗೌರವಗಳಿಗೆ ಮಾತ್ರ ವಿನಾಯಿತಿ. 1971ರ 26ನೆಯ ತಿದ್ದುಪಡಿ ಹಳೆಯ ಸಂಸ್ಥಾನಿಕರಿಗೆ ಕೊಟ್ಟಿದ್ದ ಮನ್ನಣೆಯನ್ನೂ ರಾಜಧನವನ್ನೂ ರದ್ದುಮಾಡಿತು. ಪದ್ಮ ಪ್ರಶಸ್ತಿಗಳೂ ಬಿರುದುಗಳೇ ಅಲ್ಲವೇ ಎಂಬ ತಕರಾರು ಸುಪ್ರೀಂ ಕೋರ್ಟಿಗೆ ಹೋದಾಗ, ಅವು ಬಿರುದುಗಳಲ್ಲ, ಆದರೆ ಹೆಸರಿನ ಹಿಂದೆ ಮುಂದೆ ಅವನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ನ್ಯಾಯಾಲಯ 1995ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಅಂಕೋಲೆ ತಾಲೂಕಿನ ಹಾಲಕ್ಕಿ ಸಮುದಾಯದ ಇಬ್ಬರು ಹೆಂಗಸರಿಗೆ ಆ ಪ್ರಶಸ್ತಿ ಬಂದಿತ್ತು: ಹಾಡಿಗಾಗಿ ಸುಕ್ರಿ ಬೊಮ್ಮಗೌಡರಿಗೆ, ಕಾಡು ಬೆಳೆಸಿದ್ದಕ್ಕಾಗಿ ತುಳಸಿ ಗೌಡರಿಗೆ. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಪದ್ಮಶ್ರೀಗೆ ವಾರಸುದಾರರಿಲ್ಲ, ಇರಬೇಕಾಗಿಯೂ ಇಲ್ಲ.