ಸಣ್ಣ ಸೀಸೆ, ದೊಡ್ಡ ಹೊಣೆ

ಸರಕಿನ ಬೆಲೆಯನ್ನು ತೂಕ ಅಥವಾ ಅಳತೆಯಿಂದ ನಿರ್ಧರಿಸುವುದು ವ್ಯಾಪಾರದ ರೂಢಿ. ರೋಗನಿರೋಧಕ ಶಾಸ್ತ್ರದ ಸಂಶೋಧನೆಗೆ ಬೇಕಾಗುವ ಮಾನವ ಇಂಟರ್‌ಫೆರಾನ್ ಎಂಬ ಪ್ರೋಟೀನು ಈ ರೂಢಿಗೆ ಒಳಪಡುವುದಿಲ್ಲ. ಅದು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಸೀಸೆಯೊಳಗಿನ ವಸ್ತು ಕಣ್ಣಿಗೆ ಕಾಣುವುದೇ ಕಷ್ಟ. ಸಂಶೋಧಕನು ವಾಸ್ತವವಾಗಿ ಹಣ ತೆರುವುದು ಅದರೊಡನೆ ಬರುವ ಪ್ರಮಾಣಪತ್ರದ ಮೇಲಿನ ನಂಬಿಕೆಗೆ. ಇಂತಹ ಸರಕಿನ ವಿತರಣೆ ಅಥವಾ ತಯಾರಿಕೆಗೆ ಕೈಹಾಕಬಯಸುವ ಸಣ್ಣ ಉದ್ಯಮಿಗಳು ಈ ಅಂಶವನ್ನು ಮೊದಲು ಮನಗಾಣಬೇಕು.

ವೈರಾಣು ತಗುಲಿದ ಜೀವಕೋಶವು ನೆರೆಯ ಕೋಶಗಳನ್ನು ಎಚ್ಚರಿಸಲು ಸ್ರವಿಸುವ ಈ ವಸ್ತುವನ್ನು 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡನ್‌ಮನ್ ಗುರುತಿಸಿದರು. ಮುಂದೆ ಫಿನ್‌ಲೆಂಡಿನ ಕಾರಿ ಕಾಂಟೆಲ್ ದಾನಿಗಳ ರಕ್ತದ ಬಿಳಿಕಣಗಳಿಂದ ಅದನ್ನು ಪಡೆಯುತ್ತಿದ್ದರು. ಅಪಾರ ರಕ್ತಕ್ಕೆ ಅತ್ಯಲ್ಪ ಇಳುವರಿ, ಅದೂ ಅಶುದ್ಧ. 1980ರಲ್ಲಿ ಚಾರ್ಲ್ಸ್ ವೈಸ್‌ಮನ್ ತಂಡವು ಮಾನವ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಇಂಟರ್‌ಫೆರಾನ್ ಪಡೆದುದನ್ನು ಬಯೋಜೆನ್ ಸಂಸ್ಥೆ ಪ್ರಕಟಿಸಿತು. ಹೀಗೆ ತಯಾರಾದುದೇ ರಿಕಾಂಬಿನೆಂಟ್ ಪ್ರೋಟೀನು. 1986ರಲ್ಲಿ ಅಮೆರಿಕ ಅದನ್ನು ಔಷಧವಾಗಿ ಅಂಗೀಕರಿಸಿತು. ಭಾರತದಲ್ಲಿಯೂ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 2000ದ ದಶಕದ ಆರಂಭದಲ್ಲಿ ಇಂಟರ್‌ಫೆರಾನ್ ಔಷಧವನ್ನು ತಯಾರಿಸಿ ತೋರಿಸಿತು.

ಔಷಧಕ್ಕೆ ಪರವಾನಗಿ ಬೇಕು, ರೋಗಿಗಳ ಮೇಲಿನ ಪರೀಕ್ಷೆಗಳು ಬೇಕು. ಅದು ಸಣ್ಣ ಬಂಡವಾಳದ ಕೆಲಸವಲ್ಲ. ಪ್ರಯೋಗಾಲಯಕ್ಕೆ ಹೋಗುವ ಸೀಸೆಯ ಮೇಲೆ ಮಾತ್ರ ‘ಸಂಶೋಧನಾ ಬಳಕೆಗೆ ಮಾತ್ರ’ ಎಂದಿರುತ್ತದೆ. ಈ ಸಾಲನ್ನು ಕೆಲವರು ಗುಣಮಟ್ಟದಿಂದ ದೊರೆತ ವಿನಾಯಿತಿಯೆಂದು ಭಾವಿಸುತ್ತಾರೆ. ಇದು ಅಪಾಯಕರ ಭ್ರಮೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಇಂಟರ್‌ಫೆರಾನ್ ಗಾಮಾ ದೇಹದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳನ್ನು ಪ್ರಚೋದಿಸುತ್ತದೆ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾದ ಹೊರಪದರದಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷವೂ ಅದೇ ಕೋಶಗಳನ್ನು ಕೆರಳಿಸುತ್ತದೆ. ಶುದ್ಧೀಕರಣದಲ್ಲಿ ಲೋಪವಾಗಿ ವಿಷದ ಅಂಶ ಉಳಿದರೆ, ಕಂಡ ಫಲ ಯಾವುದರದೆಂದು ಸಂಶೋಧಕನಿಗೆ ತಿಳಿಯುವುದಿಲ್ಲ. ತಿಂಗಳುಗಳ ಶ್ರಮ ವ್ಯರ್ಥವಾಗುತ್ತದೆ. ತೂಕವೊಂದನ್ನೇ ನಮೂದಿಸಿದರೂ ಸಾಲದು. ಇಂಟರ್‌ಫೆರಾನ್ ಆಲ್ಫಾ-2ರ ಒಂದು ಮಿಲಿಗ್ರಾಂನಲ್ಲಿ ಸುಮಾರು 20 ಕೋಟಿ ಅಂತರರಾಷ್ಟ್ರೀಯ ಯೂನಿಟ್‌ಗಳ ಶಕ್ತಿ ಇರಬೇಕು. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ತೂಕ ಅಷ್ಟೇ ಇದ್ದು ಶಕ್ತಿ ಮಾತ್ರ ಕುಂದುತ್ತದೆ. ಆದುದರಿಂದ ಗೋದಾಮಿನ ಶೈತ್ಯಾಗಾರದ ಉಷ್ಣತೆಯ ದಾಖಲೆಯು ದಾಸ್ತಾನು ಪುಸ್ತಕದಷ್ಟೇ ಮುಖ್ಯ.

ಸುಂಕದ ವಿಷಯದಲ್ಲಿಯೂ ಎಚ್ಚರ ಅಗತ್ಯ. 500 ಗ್ರಾಂ ಅಥವಾ 500 ಮಿಲಿಲೀಟರ್ ಮೀರದ ಪ್ಯಾಕಿಂಗಿನಲ್ಲಿ ಬರುವ ಪ್ರಯೋಗಾಲಯ ರಾಸಾಯನಿಕಗಳ ಆಮದು ಸುಂಕವನ್ನು 2024ರ ಜುಲೈ ತಿಂಗಳ ಕೇಂದ್ರ ಮುಂಗಡಪತ್ರವು ಶೇ. 10ರಿಂದ 150ಕ್ಕೆ ಏರಿಸಿತು. ವಿಜ್ಞಾನಿಗಳು ಆಕ್ಷೇಪಿಸಿದ ಮೇಲೆ, ಕೆಲವೇ ದಿನಗಳಲ್ಲಿ, ಪ್ರಯೋಗಾಲಯ ಹಾಗೂ ಸಂಶೋಧನೆಯ ನೈಜ ಬಳಕೆಗೆ ಎಂಬ ಷರತ್ತಿನೊಡನೆ ಮತ್ತೆ ಶೇ. 10ಕ್ಕೆ ಇಳಿಸಲಾಯಿತು. ಯಾವ ಸೀಸೆ ಯಾವ ಶೀರ್ಷಿಕೆಗೆ ಸೇರುತ್ತದೆ, ಅಂತಿಮ ಬಳಕೆದಾರರು ಯಾರು ಎಂಬುದಕ್ಕೆ ದಾಖಲೆಯಿಲ್ಲದ ವಿತರಕನು ಇಂತಹ ಏರಿಳಿತದಲ್ಲಿ ತನ್ನ ಲಾಭವನ್ನಷ್ಟೇ ಅಲ್ಲ, ಬಂಡವಾಳವನ್ನೂ ಕಳೆದುಕೊಳ್ಳಬಹುದು.

ಈ ಪ್ರಸಂಗವು ಆಮದಿನ ಮೇಲಿನ ಅವಲಂಬನೆಯನ್ನೂ ಎತ್ತಿ ತೋರಿಸಿತು. ಜೈವಿಕ ತಂತ್ರಜ್ಞಾನಕ್ಕೆ ಹೆಸರಾದ ಬೆಂಗಳೂರಿನ ಪ್ರಯೋಗಾಲಯಗಳಿಗೆ ಬೇಕಾದ ಪ್ರೋಟೀನುಗಳಲ್ಲಿ ಕೆಲವನ್ನಾದರೂ ಇಲ್ಲಿನ ಸಣ್ಣ ಉದ್ಯಮಿಗಳು ತಯಾರಿಸಬೇಕೆಂಬುದು ನ್ಯಾಯವಾದ ಆಶಯ. ಆದರೆ ಹತ್ತಾರು ಬಗೆಯ ಪಟ್ಟಿ ಪ್ರಕಟಿಸುವುದಕ್ಕಿಂತ, ಒಂದೆರಡು ಪ್ರೋಟೀನುಗಳನ್ನೇ ಆರಿಸಿಕೊಂಡು ಪ್ರತಿ ಬ್ಯಾಚಿನ ಶಕ್ತಿ, ಶುದ್ಧತೆ ಹಾಗೂ ಎಂಡೋಟಾಕ್ಸಿನ್ ಪ್ರಮಾಣವನ್ನು ಪರೀಕ್ಷಿಸಿ ಪ್ರಾಮಾಣಿಕವಾಗಿ ನಮೂದಿಸುವುದು ಲೇಸು. ಅಗ್ಗದ ಬೆಲೆಯಿಂದ ಮೊದಲ ಆರ್ಡರ್ ದೊರೆಯಬಹುದು. ಎರಡನೆಯ ಆರ್ಡರನ್ನು ತರುವುದು ಪ್ರಮಾಣಪತ್ರದ ಸತ್ಯವೇ. ಸುಳ್ಳು ಜಮಾಖರ್ಚು ಒಂದು ಸಂಸ್ಥೆಯನ್ನು ಕೆಡಿಸಿದರೆ, ಸುಳ್ಳು ಪ್ರಮಾಣಪತ್ರವು ಅದನ್ನು ನಂಬಿದ ಪ್ರತಿಯೊಂದು ಪ್ರಯೋಗವನ್ನೂ ಕೆಡಿಸುತ್ತದೆ.